ದಪ್ಪ ಟೈರು ಹಾಕಿಸಿದ್ರಾ? ಗಾಳಿ ಲೆಕ್ಕವೂ ಬದಲಾಗ್ತದೆ

ಹುಲಗೋಳದ ಕಡೆ ಅಡಿಕೆ ತೋಟ ತಗ್ಗಿನಲ್ಲಿ, ಸೊಪ್ಪಿನ ಬೆಟ್ಟ ಮೇಲೆ. ಮಳೆಗಾಲದ ಜಾರು ದಾರಿಗೆ ಅಂತ ಜೀಪು, ಥಾರ್‌ಗಳಿಗೆ ದಪ್ಪ ಟೈರು ಹಾಕಿಸುವವರು ಬಹಳ. ಗಾಳಿ ಮಾತ್ರ ಬಾಗಿಲ ಪಕ್ಕದ ಚೀಟಿ ನೋಡಿ ತುಂಬಿಸ್ತಾರೆ. ಆ ಅಂಕಿ ಕಂಪನಿ ಕೊಟ್ಟ ಅಳತೆಯ ಟೈರಿಗೆ ಮಾತ್ರ. ನಾನು ನೋಡುವ ಕ್ರಮ ಹೀಗಿದೆ.

1. ಟೈರಿನ ಬದಿಯ ಬರಹ ಓದಿ. ಲೋಡ್ ಇಂಡೆಕ್ಸ್ 100 ಅಂದ್ರೆ ಒಂದು ಟೈರು ಹೊರುವುದು 800 ಕೆಜಿ, 104 ಅಂದ್ರೆ 900. ಕಂಪನಿ ಟೈರಿಗಿಂತ ಕಡಿಮೆ ಇದ್ರೆ ಬೇಡ. ಅಲ್ಲಿರುವ ಗರಿಷ್ಠ ಪಿಎಸ್‌ಐ ದಾಟಬಾರದ ಮಿತಿ. ಅಷ್ಟೇ ತುಂಬಿಸಬೇಕು ಅಂತಲ್ಲ.

2. ಬೆಳಿಗ್ಗೆ ಟೈರು ತಣ್ಣಗಿರುವಾಗ ಚೀಟಿಯ ಅಂಕಿಯಿಂದ ಶುರು ಮಾಡಿ. ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಸಪಾಟು ಡಾಂಬರಿನಲ್ಲಿ ಸ್ವಲ್ಪ ದೂರ ನೇರ ಓಡಿಸಿ. ನಡುವೆ ಮಾತ್ರ ಅಳಿಸಿದ್ರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದ್ರೆ ಕಡಿಮೆ. ಎರಡೆರಡು ಪಿಎಸ್‌ಐ ಬದಲಿಸಿ ಮತ್ತೆ ನೋಡಿ.

3. ಅಡಿಕೆ ಚೀಲ ಹೇರಿ ಶಿರಸಿಗೆ ಹೋಗುವುದಿದ್ರೆ, ಹೊರೆ ಸಮೇತ ಹಿಂದಿನ ಟೈರು ಇನ್ನೊಮ್ಮೆ ಪರೀಕ್ಷಿಸಿ. ಎರಡೂ ಅಂಕಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

4. ಕೆಸರಿನಲ್ಲಿ ಖಾಲಿ ಗಾಡಿಗೆ 20ರ ಹತ್ತಿರ ಇಳಿಸಬಹುದು. ನಿಧಾನ ಹೋಗಿ, ಗಕ್ಕನೆ ತಿರುಗಿಸಬೇಡಿ. ಟೈರು ರಿಮ್ ಬಿಟ್ಟೀತು.

ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಿ. ಗಾಳಿ ಕಡಿಮೆಯಾದ ಟೈರು ವೇಗಕ್ಕೆ ಒಳಗೇ ಕಾದು ಸಿಡಿಯಬಹುದು. ದೇವಿಮನೆ ಘಟ್ಟದ ತಿರುವಿನಲ್ಲಿ ಹಾಗಾದ್ರೆ ಹೋಗೋದು ಟೈರು ಒಂದೇ ಅಲ್ಲ. ಗಾಳಿ ಅಳೆಯುವ ಮೀಟರ್, ಸಣ್ಣ ಪಂಪು ಗಾಡಿಯಲ್ಲೇ ಇರಲಿ.