ಜಾನುವಾರುಗಳ ಚರ್ಮರೋಗಗಳು ಮತ್ತು ಕಾರಣಗಳು

ಪರೀಕ್ಷೆಯ ದೃಷ್ಟಿಯಿಂದ ಮೊದಲು ಓದಬೇಕಾದದ್ದು ಚರ್ಮಗಂಟು ರೋಗ. ದನ, ಎಮ್ಮೆಗಳಿಗೆ ತಗಲುವ ಇದಕ್ಕೆ ಕಾರಣ ಕ್ಯಾಪ್ರಿಪಾಕ್ಸ್ ಕುಲದ ವೈರಸ್. ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್‌ಗಳೂ ಇದೇ ಕುಲದವು. ಆದ್ದರಿಂದಲೇ ಭಾರತದಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನು ಇದರ ವಿರುದ್ಧವೂ ಬಳಸಲಾಯಿತು. 1929ರಲ್ಲಿ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ, 2019ರಲ್ಲಿ ಒಡಿಶಾದಲ್ಲಿ ಪತ್ತೆಯಾಯಿತು. 2022ರಲ್ಲಿ ರಾಜಸ್ಥಾನ, ಗುಜರಾತ್‌ಗಳಲ್ಲಿ ಅಪಾರ ಹಾನಿ ಮಾಡಿತು; ಕರ್ನಾಟಕದ ಕೊಟ್ಟಿಗೆಗಳನ್ನೂ ಬಿಡಲಿಲ್ಲ. ಜ್ವರದ ಜೊತೆಗೆ ಮೈಮೇಲೆ 2ರಿಂದ 5 ಸೆಂ.ಮೀ. ಅಗಲದ ಗಟ್ಟಿ ಗಂಟುಗಳು ಏಳುತ್ತವೆ, ಕೆಲವು ಒಡೆದು ಹುಣ್ಣಾಗುತ್ತವೆ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಮುಖ್ಯವಾಗಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ಮನುಷ್ಯರಿಗೆ ಬರುವುದಿಲ್ಲ, ಸರಿ-ತಪ್ಪು ಹೇಳಿಕೆಗಳ ಪ್ರಶ್ನೆಯಲ್ಲಿ ಎಡವಿಸುವ ಅಂಶವಿದು, ಚೆನ್ನಾಗಿ ನೆನಪಿಡಿ.

ಹುಳುಕಡ್ಡಿ ಹಾಗಲ್ಲ, ಸಾಕುವವರಿಗೂ ಅಂಟುತ್ತದೆ. ಕಾರಣ ಶಿಲೀಂಧ್ರ, ದನಗಳಲ್ಲಿ ಹೆಚ್ಚಾಗಿ ಟ್ರೈಕೋಫೈಟಾನ್ ವೆರುಕೋಸಮ್. ಕರುಗಳ ಕಣ್ಣಿನ ಸುತ್ತ ಕೂದಲು ಉದುರಿ, ಬೂದು ಬಣ್ಣದ ದುಂಡನೆಯ ಹಕ್ಕಳೆ ಕಟ್ಟುತ್ತದೆ.

ಕಜ್ಜಿಗೆ ಸಾರ್ಕಾಪ್ಟಿಸ್‌ನಂಥ ನುಸಿಗಳು ಕಾರಣ. ಹೆಣ್ಣು ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವುದರಿಂದ ವಿಪರೀತ ತುರಿಕೆ. ಸೋಂಕಿಲ್ಲದೆಯೂ ಚರ್ಮ ಕೆಡಬಹುದು: ಸತುವಿನ ಕೊರತೆಯಾದರೆ, ವಿಶೇಷವಾಗಿ ಹಂದಿಮರಿಗಳಲ್ಲಿ, ಅದು ದಪ್ಪಗಾಗಿ ಬಿರಿಯುತ್ತದೆ.