ಎ.ಸಿ. ಆಫೀಸಿನ ಎದುರು ಆನ್‌ಲೈನ್ ಅಂಗಡಿ ಇಡುವ ಮಗನಿಗೆ

ಮಧುಗಿರಿಯ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿಗೆ ನಾಲ್ಕು ತಾಲ್ಲೂಕಿನವರು ಬರುತ್ತಾರೆ. ಪಾವಗಡ, ಶಿರಾ, ಕೊರಟಗೆರೆ ಕಡೆಯಿಂದ ಬಸ್ಸಿಳಿದವರು ಪಹಣಿ, ಆಧಾರ್, ಪಾಸ್‌ಬುಕ್ಕು ಎಲ್ಲ ನಿನ್ನ ಮುಂದಿಟ್ಟು, ‘ನೀವೇ ನೋಡಿ ಮಾಡ್ಕೊಡಿ ಸ್ವಾಮಿ’ ಅನ್ನುತ್ತಾರೆ. ಆ ನಂಬಿಕೆಯೇ ನಿನ್ನ ಬಂಡವಾಳ ಕಣಪ್ಪ. ಯಾವ ಬ್ರೌಸರ್ ಭದ್ರ ಅಂತ ಕೇಳಿದೆಯಲ್ಲ, ಕೇಳು.

• ಕ್ರೋಮ್, ಎಡ್ಜ್, ಬ್ರೇವ್, ಒಪೆರಾ: ಹೆಸರು ಬೇರೆ, ಒಳಗಿನದು ಒಂದೇ ಕ್ರೋಮಿಯಂ. ಎಡ್ಜ್ 2020ರಲ್ಲಿ ಅದಕ್ಕೆ ಬಂತು. ಅಲ್ಲೊಂದು ತೂತು ಬಿದ್ದರೆ ಸಾಮಾನ್ಯವಾಗಿ ಎಲ್ಲಕ್ಕೂ ಬಿದ್ದಂತೆ. ಫೈರ್‌ಫಾಕ್ಸಿನ ಎಂಜಿನ್ ಅದರದೇ. ಎರಡೂ ಇಟ್ಟುಕೋ. ಕ್ರೋಮ್‌ನಲ್ಲಿ ಗಿರಾಕಿಗಳ ಕೆಲಸ, ಫೈರ್‌ಫಾಕ್ಸಿನಲ್ಲಿ ನಿನ್ನ ಸ್ವಂತ ಬ್ಯಾಂಕು.

• ಯಾವುದು ಗಟ್ಟಿ ಅನ್ನುವುದಕ್ಕಿಂತ ಯಾವುದು ಹಳತಾಗಿಲ್ಲ ಅಂತ ನೋಡು. ತೂತು ಎಲ್ಲದರಲ್ಲೂ ಸಿಗುತ್ತದೆ, ತೇಪೆಯೂ ಬರುತ್ತಲೇ ಇರುತ್ತದೆ. ಮೂಲೆಯಲ್ಲಿ ‘ಅಪ್‌ಡೇಟ್’ ಕಂಡರೆ ಸಾಲು ನಿಂತಿದ್ದರೂ ಮುಚ್ಚಿ ತೆರೆ. ಅಗ್ಗಕ್ಕೆ ಸಿಕ್ಕಿತೆಂದು ವಿಂಡೋಸ್ 7ರ ಹಳೇ ಕಂಪ್ಯೂಟರ್ ತರಬೇಡ. ಮೈಕ್ರೋಸಾಫ್ಟ್ ಅದನ್ನು 2020ರಲ್ಲೇ ಕೈಬಿಟ್ಟಿದೆ, 2023ರಿಂದ ಹೊಸ ಕ್ರೋಮ್ ಅದರಲ್ಲಿ ಓಡುವುದೂ ಇಲ್ಲ.

• ಎಕ್ಸ್‌ಟೆನ್ಷನ್ ಸಿಕ್ಕಿದ್ದೆಲ್ಲ ಹಾಕಬೇಡ. ತೆರೆದ ಪುಟವನ್ನೆಲ್ಲ ಓದುವ ಅನುಮತಿಯನ್ನು ಎಷ್ಟೋ ಕೇಳುತ್ತವೆ.

• ಪಾಸ್‌ವರ್ಡ್ ಉಳಿಸಲೇ ಅಂತ ಕೇಳಿದರೆ ಬೇಡ ಅನ್ನು. ಗಿರಾಕಿಯ ಕೆಲಸ ಗೆಸ್ಟ್ ಮೋಡ್‌ನಲ್ಲಿ ಮಾಡು, ಕಿಟಕಿ ಮುಚ್ಚಿದೊಡನೆ ಲಾಗಿನ್ ಅಳಿಯುತ್ತದೆ. ಡೌನ್‌ಲೋಡ್ ಆದ ಆಧಾರ್ ಮಾತ್ರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಬಿದ್ದಿರುತ್ತದೆ! ಸಂಜೆ ಬಾಗಿಲು ಹಾಕುವ ಮೊದಲು ಆ ಫೋಲ್ಡರನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡು. ಇದೊಂದನ್ನು ಕ್ರೋಮ್ ನಿನಗಾಗಿ ಮಾಡಿಕೊಡದು.

• ವಿಳಾಸದ ಪಕ್ಕದ ಬೀಗ ನೋಡಿ ನಂಬಬೇಡ. ಕಳ್ಳ ಸೈಟಿಗೂ ಬೀಗ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರ ತೆಗೆಯಿತು. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ (/) ಮುಂಚೆ ಏನಿದೆ ಓದು. ಪಹಣಿಯ ಸೈಟಾದರೆ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕು. ಬ್ಯಾಂಕುಗಳಿಗೆ 2025ರ ಅಕ್ಟೋಬರ್ ಮುಗಿಯುವುದರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬದಲಾಗಲು ರಿಸರ್ವ್ ಬ್ಯಾಂಕ್ ಹೇಳಿತ್ತು. ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಲೇಬೇಡ.

• ಯಾರ ದುಡ್ಡಾದರೂ ಹೋಯಿತು ಅಂತ ತಿಳಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಬೇಕು. ಪಾವಗಡದ ಬಸ್ಸು ತಪ್ಪಿದರೂ ಸರಿ, ದೂರು ದಾಖಲಾಗುವವರೆಗೆ ಅವರನ್ನು ಪಕ್ಕದಲ್ಲೇ ಕೂರಿಸಿಕೋ.