ಇಟ್ಟಿಗೆಯಿಂದ ಕಾರು ಕಟ್ಟೋಣ!

ಮಕ್ಕಳೇ, ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಗಳು ಹಗುರ ಮರವನ್ನು ಕೆತ್ತಿ, ಜೋಡಿಸುತ್ತಾರೆ. ಕಟ್ಟಿಗೆಯ ಪುಡಿ, ಹುಣಸೆ ಬೀಜದ ಅಂಟು ಮೊದಲಾದವು ಸೇರಿದ 'ಕಿಟ್ಟ'ದಿಂದ ಸಂದುಗಳನ್ನು ತುಂಬುತ್ತಾರೆ. ಆದ್ದರಿಂದ ಗೊಂಬೆ ದುಂಡಗೆ, ನುಣುಪಾಗಿ ಬರುತ್ತದೆ. ಆದರೆ ಕೆತ್ತುವಂತಿಲ್ಲ, ತುಂಬುವಂತಿಲ್ಲ, ಬರೀ ಇಟ್ಟಿಗೆ ಜೋಡಿಸಿಯೇ ದುಂಡನೆಯ ಕಾರು ಮಾಡಬೇಕು ಎಂದರೆ? ಇದಕ್ಕೆ ಬೇಕಾದದ್ದು ನಿಮ್ಮ ಗಣಿತ ಪಾಠದ ಅನುಪಾತ!

ಪೋರ್ಷೆ 911 ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು ಮೊದಲು ಕಾಣಿಸಿಕೊಂಡದ್ದು 1963ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ. ಇದನ್ನು ಡೆನ್ಮಾರ್ಕ್ ದೇಶದ ಲೆಗೊ ಇಟ್ಟಿಗೆಗಳಿಂದ ಕಟ್ಟೋಣ. ಲೆಗೊ ಇಟ್ಟಿಗೆಯ ಮೇಲೆ ಗುಂಡಿಗಳಿರುತ್ತವೆ. ಒಂದು ಗುಂಡಿಯ ನಡುವಿನಿಂದ ಮುಂದಿನದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳು ಫಲಕದ ಎತ್ತರ 3.2 ಮಿ.ಮೀ.

ಮೊದಲು ಚಕ್ರ

ಚೌಕ ಇಟ್ಟಿಗೆಗಳಿಂದ ಉರುಳುವ ಚಕ್ರ ಕಟ್ಟಲಾಗದು. ಸಿದ್ಧ ಚಕ್ರವನ್ನೇ ಬಳಸಬೇಕು. ಆದ್ದರಿಂದ ಮಾದರಿಯ ಪ್ರಮಾಣವನ್ನು ಚಕ್ರವೇ ನಿರ್ಧರಿಸುತ್ತದೆ. ನಿಜವಾದ ಚಕ್ರದ ವ್ಯಾಸ ಸುಮಾರು 640 ಮಿ.ಮೀ. ನಮ್ಮಲ್ಲಿರುವ ಚಕ್ರ 32 ಮಿ.ಮೀ. ಎಂದುಕೊಳ್ಳಿ. 640 ÷ 32 = 20. ಅಂದರೆ ಪ್ರಮಾಣ 1:20. ಇನ್ನು ಎಲ್ಲ ಅಳತೆಗಳನ್ನೂ 20ರಿಂದಲೇ ಭಾಗಿಸಬೇಕು.

ಉದ್ದ: 4163 ÷ 20 = ಸುಮಾರು 208 ಮಿ.ಮೀ. = 26 ಗುಂಡಿ
ಅಗಲ: 1610 ÷ 20 = 80.5 ಮಿ.ಮೀ. = ಸುಮಾರು 10 ಗುಂಡಿ
ಎತ್ತರ: 1320 ÷ 20 = 66 ಮಿ.ಮೀ. = ಸುಮಾರು 7 ಇಟ್ಟಿಗೆ
ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ: 2211 ÷ 20 = ಸುಮಾರು 110.5 ಮಿ.ಮೀ. = ಸುಮಾರು 14 ಗುಂಡಿ

ಕೊನೆಯ ಸಾಲನ್ನು ಗಮನಿಸಿ. 14 ಗುಂಡಿ ಎಂದರೆ 112 ಮಿ.ಮೀ. ಒಂದೂವರೆ ಮಿ.ಮೀ. ಹೆಚ್ಚಾಯಿತು. ಇದು ಅಲ್ಪವೆನ್ನಬೇಡಿ. ನಿಜವಾದ ಕಾರಿನಲ್ಲಿ ಅದು 30 ಮಿ.ಮೀ.! 13 ಗುಂಡಿ ಇಟ್ಟರೆ 6.5 ಮಿ.ಮೀ. ಕಡಿಮೆಯಾಗುತ್ತದೆ. ಹಾಗಾಗಿ 14 ಮೇಲು. ತಪ್ಪನ್ನು ಪೂರ್ತಿ ಅಳಿಸಲಾಗದಿದ್ದಾಗ ಅತಿ ಚಿಕ್ಕ ತಪ್ಪನ್ನು ಆರಿಸುವುದೇ ವಿನ್ಯಾಸಕಾರನ ಜಾಣತನ.

ಬಾಗಿದ ಬೆನ್ನು

ಈ ಕಾರಿನ ಚೆಲುವು ಮೇಲ್ಛಾವಣಿಯಿಂದ ಹಿಂದಕ್ಕೆ ಇಳಿಯುವ ಬಾಗಿನಲ್ಲಿದೆ. ಇಟ್ಟಿಗೆ ಜೋಡಿಸಿದರೆ ಅಲ್ಲಿ ಮೆಟ್ಟಿಲುಗಳು ಕಾಣುತ್ತವೆ. ಇಟ್ಟಿಗೆಯ ಬದಲು ಫಲಕ ಬಳಸಿದರೆ ಮೆಟ್ಟಿಲು ಮೂರು ಪಟ್ಟು ಚಿಕ್ಕದಾಗುತ್ತದೆ, ಬಾಗು ನಯವಾಗುತ್ತದೆ. ಇನ್ನೊಂದು ಉಪಾಯವಿದೆ. 5 ಫಲಕಗಳ ಎತ್ತರ 16 ಮಿ.ಮೀ., 2 ಗುಂಡಿಗಳ ಅಗಲವೂ 16 ಮಿ.ಮೀ. ಆದ್ದರಿಂದ ಇಟ್ಟಿಗೆಗಳನ್ನು ಅಡ್ಡ ತಿರುಗಿಸಿಯೂ ಸಂದಿಲ್ಲದೆ ಕೂರಿಸಬಹುದು.

ಮಾಡಿ ನೋಡಿ

ಹನುಮಸಾಗರದ ಸುತ್ತಿನ ನಮ್ಮ ಶಾಲೆಗಳಲ್ಲಿ ಲೆಗೊ ಇಲ್ಲದಿದ್ದರೆ ಚಿಂತೆಯಿಲ್ಲ. ಜೇಡಿಮಣ್ಣಿನಿಂದ 1 ಸೆಂ.ಮೀ. ಘನಗಳನ್ನು ಮಾಡಿ. ಮಣ್ಣು ಒಣಗಿದಾಗ ಕುಗ್ಗುತ್ತದೆ, ಆದ್ದರಿಂದ ಹಸಿಯಿರುವಾಗ ತುಸು ದೊಡ್ಡದಾಗಿಯೇ ಮಾಡಿ. ಶಿಕ್ಷಕರೊಂದಿಗೆ ಹೋಗಿ, ನಿಂತಿರುವ ಒಂದು ಕಾರನ್ನು ಅಳೆಯಿರಿ. ಮುಂಭಾಗದಿಂದ ಪ್ರತಿ 20 ಸೆಂ.ಮೀ.ಗೆ ಒಮ್ಮೆ ನೆಲದಿಂದ ಅದರ ಮೇಲ್ಮೈಯ ಎತ್ತರ ಬರೆದುಕೊಳ್ಳಿ. ಪ್ರತಿ ಎತ್ತರವನ್ನೂ 20ರಿಂದ ಭಾಗಿಸಿ. ಉಳಿದದ್ದು ಅರ್ಧ ಘನಕ್ಕಿಂತ ಹೆಚ್ಚಾದರೆ ಒಂದು ಘನ ಸೇರಿಸಿ, ಕಡಿಮೆಯಾದರೆ ಬಿಡಿ. ಅಷ್ಟಷ್ಟು ಘನಗಳ ಕಂಬಗಳನ್ನು ಸಾಲಾಗಿ ನಿಲ್ಲಿಸಿ. ಕಾರಿನ ಪಕ್ಕನೋಟ ಸಿದ್ಧ! ಬಾಟಲಿ ಮುಚ್ಚಳಗಳನ್ನು ಚಕ್ರವಾಗಿಸಿ.

ಯೋಚಿಸಿ: ಪ್ರಮಾಣವನ್ನು 1:10 ಮಾಡಿದರೆ ಮೆಟ್ಟಿಲುಗಳು ಹೆಚ್ಚು ಕಾಣುವವೋ, ಕಡಿಮೆಯೋ? ಪೂರ್ತಿ ಕಾರನ್ನೇ ಕಟ್ಟುವುದಾದರೆ ಘನಗಳು ಎಷ್ಟು ಪಟ್ಟು ಬೇಕು?